ಟೈಲರಮ್ಮ ಮುಟ್ಟದೆ ಬಿಟ್ಟ ಅಂಚು

ನನ್ನ ಹೆಂಡತಿಯನ್ನು ಎಲ್ಲರೂ ಟೈಲರಮ್ಮ ಎನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ನಾನು ಬಸ್ ಡ್ರೈವರ್, ಅವಳು ಡ್ರೈವರನ ಹೆಂಡತಿ. ಈಗ ನಾನು ಟೈಲರಮ್ಮನ ಗಂಡ. ನಿವೃತ್ತಿಯಾದ ಮೇಲೆ ಅವಳ ಅಂಗಡಿಯಲ್ಲಿ ಇಸ್ತ್ರಿ ಮಾಡುವುದು, ಗುಂಡಿ ಹಚ್ಚುವುದು, ಬೈಸಿಕೊಳ್ಳುವುದು ನನ್ನ ಕೆಲಸ. ಇವುಗಳಲ್ಲಿ ಕೊನೆಯದನ್ನು ಮಾತ್ರ ನಾನು ನೆಟ್ಟಗೆ ಮಾಡುತ್ತೇನೆ ಎಂಬುದು ಅವಳ ಅಭಿಪ್ರಾಯ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಬೀದಿಗೆ ತೆರೆದ ಬಾಗಿಲು, ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಅಗಲವಾದ ಮೇಜು. ಮೂಲೆಯಲ್ಲಿ ಬಟ್ಟೆ ತೊಡಿಸಿ ನೋಡುವ ಗೊಂಬೆ ಒಂಟಿ ಕಾಲಿನ ಮೇಲೆ ನಿಂತಿದೆ. ಅದಕ್ಕೆ ತಲೆಯೂ ಇಲ್ಲ, ಕೈಯೂ ಇಲ್ಲ. ಎದುರು ಮಾತಾಡದ ಕಾರಣ ಮನೆಯಲ್ಲಿ ನನಗಿಂತ ಅದಕ್ಕೇ ಮರ್ಯಾದೆ ಹೆಚ್ಚು.

ಟೈಲರಮ್ಮನ ಹೆಸರು ನಿಂತಿರುವುದು ಅಂಚಿನ ಮೇಲೆ. ಸ್ಕರ್ಟ್ ಆಗಲಿ, ಫ್ರಾಕ್ ಆಗಲಿ, ಹೊಲಿದಾದ ಮೇಲೆ ಗಿರಾಕಿಯನ್ನು ಮೇಜಿನ ಮೇಲೆ ಹತ್ತಿಸಿ ನಿಲ್ಲಿಸುತ್ತಾಳೆ. ಮರದ ಸ್ಕೇಲನ್ನು ನೆಟ್ಟಗೆ ಹಿಡಿದು, ಮೇಜಿನಿಂದ ಅಂಚಿಗೆ ಎಷ್ಟು ಎತ್ತರ ಎಂದು ಸುತ್ತ ನೋಡುತ್ತ ಬರುತ್ತಾಳೆ. ಎಳೆಯಷ್ಟು ವ್ಯತ್ಯಾಸ ಕಂಡರೂ ಬಾಯಲ್ಲಿ ಕಚ್ಚಿದ ಗುಂಡುಸೂಜಿ ಹೊರಗೆ ಬರುತ್ತದೆ. ಮನುಷ್ಯರ ಮೈ ಎಲ್ಲಿ ಸಮ ಇರುತ್ತದೆ ಹೇಳಿ. ಒಬ್ಬರಿಗೆ ಒಂದು ಭುಜ ಇಳಿದಿರುತ್ತದೆ, ಇನ್ನೊಬ್ಬರಿಗೆ ಒಂದು ಸೊಂಟ ಏರಿರುತ್ತದೆ. ಇವಳು ಒಂದು ಕಡೆ ಬಿಟ್ಟು, ಇನ್ನೊಂದು ಕಡೆ ಹಿಡಿದು, ಅವರು ಕನ್ನಡಿಯಲ್ಲಿ ತಮಗಿಂತ ನೆಟ್ಟಗೆ ಕಾಣುವ ಹಾಗೆ ಮಾಡಿ ಕಳಿಸುತ್ತಾಳೆ. ವರ್ಷಗಟ್ಟಲೆ ಸ್ಟಿಯರಿಂಗ್ ತಿರುಗಿಸಿ ಒಂದು ಕಡೆ ಜೋತುಬಿದ್ದ ನನ್ನ ಭುಜವನ್ನು ಇವತ್ತಿಗೂ ಯಾರೂ ಕಂಡಿಲ್ಲ. ಅವಳು ಹೊಲಿದ ಶರ್ಟು ಹಾಕಿದರೆ ನಾನು ಕಂಬದ ಹಾಗೆ ಕಾಣುತ್ತೇನೆ.

ನಮ್ಮ ಮೊಮ್ಮಗಳು ಬೆಳೆದದ್ದು ಈ ಮೇಜಿನ ಕೆಳಗೆ. ಮಗ ಸೊಸೆ ಇಬ್ಬರೂ ಬೆಳಗಾದರೆ ಕೆಲಸಕ್ಕೆ ಹೊರಡುವವರು, ಆದ್ದರಿಂದ ಮಗು ನಮ್ಮ ಪಾಲಿಗೆ ಬಂತು. ಯಾವ ಬಟ್ಟೆ ತೊಡಿಸಿದರೂ ಮೊಮ್ಮಗಳು ಮೊದಲು ಮಾಡುವ ಕೆಲಸ ಗಿರಗಿರ ಸುತ್ತುವುದು. ಸ್ಕರ್ಟು ಅರಳಿ ನಿಂತರೆ ಪಾಸು, ಇಲ್ಲದಿದ್ದರೆ ಅಜ್ಜಿಗೆ ವಾಪಸ್. ಹಾಗಾಗಿ ಅವಳಿಗೆ ಬುಗುರಿ ಎಂದು ಹೆಸರಿಟ್ಟವನು ನಾನು. ಅವಳ ಸ್ಕೂಲಿನ ಮೇಷ್ಟರೂ ಕೊನೆಗೆ ಅದೇ ಹೆಸರಿನಲ್ಲಿ ಕರೆಯತೊಡಗಿದರು.

ಬುಗುರಿಗೆ ಹನ್ನೊಂದು ತುಂಬಿದ ವರ್ಷ, ಒಂದು ಸಂಜೆ ಅವಳ ಗೆಳತಿಯೊಬ್ಬಳು ಅಂಗಡಿಗೆ ಬಂದಳು. ಸ್ಕೂಲಿನಲ್ಲಿ ಆ ಗೆಳತಿಯ ಯೂನಿಫಾರ್ಮಿನ ಮೇಲೆ ಬಣ್ಣದ ನೀರು ಚೆಲ್ಲಿತ್ತಂತೆ. ಬುಗುರಿ ತನ್ನ ಬ್ಯಾಗಿನಲ್ಲಿದ್ದ ಇನ್ನೊಂದು ಸ್ಕರ್ಟ್ ಕೊಟ್ಟಿದ್ದಳು. ಅದನ್ನೇ ಹಾಕಿಕೊಂಡು ಬಂದ ಹುಡುಗಿ ಬಾಗಿಲಲ್ಲಿ ನಿಂತಳು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ನನ್ನವಳು ಕನ್ನಡಕದ ಮೇಲಿಂದ ಒಮ್ಮೆ ನೋಡಿ ಮುಖ ಗಂಟು ಹಾಕಿದಳು. ಸ್ಕರ್ಟಿನ ಅಂಚು ಒಂದು ಕಡೆ ಜೋತುಬಿದ್ದಿತ್ತು. ಇಷ್ಟು ಓರೆಯಾಗಿ ಹೊಲಿದ ಪುಣ್ಯಾತ್ಮರು ಯಾರು ಎಂದು ಕೇಳಿದಳು.

"ನೀವೇ ಅಜ್ಜಿ" ಎಂದಳು ಆ ಹುಡುಗಿ.

ಗಿರಾಕಿಗಳು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಾನೂ ನಕ್ಕೆ, ಇಂಥ ಅವಕಾಶ ಜೀವನದಲ್ಲಿ ಮತ್ತೆ ಸಿಗುವುದಿಲ್ಲವಲ್ಲ. ಟೈಲರಮ್ಮ ನಗಲಿಲ್ಲ. ಹುಡುಗಿಗೆ ಬೇರೆ ಬಟ್ಟೆ ಕೊಟ್ಟು ಸ್ಕರ್ಟನ್ನು ಗೊಂಬೆಗೆ ತೊಡಿಸಿ ನೋಡಿದಳು. ಓರೆ. ಮೇಜಿನ ಮೇಲೆ ಹಾಸಿ ಎರಡೂ ಪಕ್ಕ ಅಳೆದಳು. ಒಂದು ಪಕ್ಕ ಇನ್ನೊಂದಕ್ಕಿಂತ ಒಂದು ಬೆರಳಗಲ ಉದ್ದವಿತ್ತು. ಆದರೆ ಅದೇ ಸ್ಕರ್ಟು ಬುಗುರಿಯ ಮೈ ಮೇಲೆ ಹಿಂದಿನ ದಿನವೂ ಗೆರೆ ಎಳೆದ ಹಾಗೆ ಸಮವಾಗಿತ್ತು. ಅದನ್ನು ನಾವಿಬ್ಬರೂ ನೋಡಿದ್ದೆವು.

ನನ್ನವಳು ಕುರ್ಚಿಯಲ್ಲಿ ಕೂತುಬಿಟ್ಟಳು. ಆ ವರ್ಷವೆಲ್ಲ ಮೊಮ್ಮಗಳ ಬಟ್ಟೆಯ ಅಂಚು ಪದೇ ಪದೇ ಓರೆಯಾಗುತ್ತಿತ್ತು, ಪದೇ ಪದೇ ಇವಳ ಕೈ ಅದನ್ನು ಸರಿ ಮಾಡುತ್ತಿತ್ತು. ಒಮ್ಮೆ ಒಂದು ಎಳೆ, ಇನ್ನೊಮ್ಮೆ ಎರಡು ಎಳೆ. ಒಂದು ಭುಜಕ್ಕೆ ತೆಳುವಾದ ಪ್ಯಾಡ್ ಕೂಡ ಇಟ್ಟಿದ್ದಳು. ಕೈ ಮಾಡಿದ್ದನ್ನು ತಲೆ ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಮಗುವಿನ ಬೆನ್ನು ಪಕ್ಕಕ್ಕೆ ವಾಲುತ್ತಿತ್ತು, ಅಜ್ಜಿಯ ಒಳ್ಳೆಯ ಹೊಲಿಗೆ ಅದನ್ನು ಹೆತ್ತವರಿಗೂ ಕಾಣದ ಹಾಗೆ ಮುಚ್ಚಿಟ್ಟಿತ್ತು. ಕೆಟ್ಟ ಟೈಲರ್ ಆಗಿದ್ದಿದ್ದರೆ ಮೊದಲೇ ಗೊತ್ತಾಗುತ್ತಿತ್ತು ಎಂದು ಅವಳು ಮೆಲ್ಲಗೆ ಹೇಳಿದಳು. ನನಗೆ ನಕ್ಕದ್ದಕ್ಕೆ ನಾಚಿಕೆಯಾಯಿತು.

ಮಾರನೆಯ ದಿನವೇ ಆಸ್ಪತ್ರೆಗೆ ಹೋದೆವು. ಮೂಳೆ ಡಾಕ್ಟರು ಹೆಂಗಸು, ನಗುಮುಖದವರು. ಬುಗುರಿಯನ್ನು ಕೈ ಜೋಡಿಸಿ ಮುಂದಕ್ಕೆ ಬಾಗಿಸಿ, ಹಿಂದಿನಿಂದ ಕಣ್ಣು ಸಮಕ್ಕೆ ತಂದು ನೋಡಿದರು. ಬೆನ್ನಿನ ಒಂದು ಪಕ್ಕ ಇನ್ನೊಂದಕ್ಕಿಂತ ಉಬ್ಬಿತ್ತು. ಎಕ್ಸ್-ರೇಯಲ್ಲಿ ಮೂಳೆಯ ಸರ ಪಕ್ಕಕ್ಕೆ ಬಳುಕಿದ್ದು ನನ್ನಂಥವನಿಗೂ ಕಂಡಿತು. ಇದಕ್ಕೆ ಸ್ಕೋಲಿಯೋಸಿಸ್ ಎನ್ನುತ್ತಾರೆ, ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ, ಬ್ಯಾಗಿನ ಭಾರದಿಂದಲೋ ಕೂರುವ ರೀತಿಯಿಂದಲೋ ಬಂದದ್ದಲ್ಲ, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಮಗು ಇನ್ನೂ ಬೆಳೆಯುವುದಿದೆ. ಬೆಳವಣಿಗೆ ನಿಲ್ಲುವ ತನಕ ಬೆನ್ನಿಗೆ ಬ್ರೇಸ್ ತೊಡಬೇಕು, ಹಗಲೂ ರಾತ್ರಿ, ಸ್ನಾನಕ್ಕೂ ಆಟಕ್ಕೂ ಮಾತ್ರ ಬಿಚ್ಚಬಹುದು. ಬ್ರೇಸು ಬೆನ್ನನ್ನು ಪೂರ್ತಿ ನೆಟ್ಟಗೆ ಮಾಡುತ್ತದೆ ಎಂದು ಆಸೆ ಇಟ್ಟುಕೊಳ್ಳಬೇಡಿ, ವಾಲಿದ್ದು ಇನ್ನೂ ವಾಲದ ಹಾಗೆ ಹಿಡಿದು ನಿಲ್ಲಿಸುವುದೇ ಅದರ ಕೆಲಸ ಎಂದರು. ಅದು ಕೈ ಮೀರಿ ಹೋದರೆ ಆಪರೇಷನ್ ಬಗ್ಗೆ ಯೋಚಿಸಬೇಕಾಗುತ್ತದೆ ಎಂದಾಗ ನಮ್ಮ ಸೊಸೆ ಬುಗುರಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಬ್ರೇಸ್ ಮಾಡುವವರ ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿತ್ತು. ಗೋಡೆಯುದ್ದಕ್ಕೂ ಬಿಳಿ ಪ್ಲಾಸ್ಟರಿನ ಮೈಗಳು, ಒಂದಕ್ಕೂ ತಲೆ ಇಲ್ಲ. ಟೈಲರಮ್ಮನ ಮುಖದಲ್ಲಿ ಆ ವಾರದಲ್ಲೇ ಮೊದಲ ಬಾರಿಗೆ ಸ್ವಲ್ಪ ಜೀವ ಬಂದದ್ದು ಅಲ್ಲಿ. ಬ್ರೇಸ್ ಮಾಡುವ ಮನುಷ್ಯ ಟೇಪು ಹಿಡಿದ ರೀತಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದ ರೀತಿ ನೋಡಿ ಇವನು ನಮ್ಮ ಪೈಕಿಯವನೇ ಎಂದುಕೊಂಡಳು. ಅವರೂ ಒಳ್ಳೆಯ ಮಾತುಗಾರರು. ನೀವು ಬಟ್ಟೆಯನ್ನು ಮೈಗೆ ಹೊಂದಿಸುತ್ತೀರಿ, ನಾನು ಮೈಯನ್ನೇ ಬಟ್ಟೆಗೆ ಹೊಂದಿಕೋ ಅನ್ನುತ್ತೇನೆ, ಅದಕ್ಕೇ ನನ್ನ ಗಿರಾಕಿಗಳು ನನ್ನನ್ನು ಬೈಯುತ್ತಾರೆ ಎಂದು ನಕ್ಕರು. ಎಲ್ಲಿ ಒತ್ತಬೇಕು, ಒತ್ತಿದ ಮೈ ಸರಿಯಲು ಎದುರು ಪಕ್ಕದಲ್ಲಿ ಎಲ್ಲಿ ಜಾಗ ಬಿಡಬೇಕು ಎಂದು ಅವರು ತೋರಿಸಿದರೆ, ಇವಳು ಮೈಯೆಲ್ಲ ಕಿವಿಯಾಗಿ ಕೇಳಿದಳು. ಒಳಗೆ ತೊಡುವ ಬನಿಯನ್ನಿಗೆ ಪಕ್ಕದಲ್ಲಿ ಹೊಲಿಗೆ ಇರಬಾರದು, ಇದ್ದರೆ ಚರ್ಮಕ್ಕೆ ಒತ್ತಿ ಗಾಯವಾಗುತ್ತದೆ ಎಂದು ಅವರು ಹೇಳಿದ್ದೇ ತಡ, ಅದೇ ಸಂಜೆ ಪಕ್ಕದ ಹೊಲಿಗೆಯೇ ಇಲ್ಲದ ಬನಿಯನ್ನುಗಳ ರಾಶಿ ನನ್ನ ಇಸ್ತ್ರಿ ಹಲಗೆಯ ಮೇಲೆ ಬಂದು ಬಿತ್ತು.

ಬ್ರೇಸ್ ಬಂತು. ಕಂಕುಳಿನಿಂದ ಸೊಂಟದವರೆಗೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚ, ಪಟ್ಟಿ ಎಳೆದು ಬಿಗಿಯುವುದು. ಬುಗುರಿಗೆ ಬಗ್ಗಲು ಆಗದು, ಸೆಕೆಗೆ ಬೆವರು ಬೇರೆ. ರಬ್ಬರ್ ಕೆಳಗೆ ಬಿದ್ದರೆ ಲಿಫ್ಟಿನ ಹಾಗೆ ನೆಟ್ಟಗೆ ಕೆಳಗಿಳಿದು ನೆಟ್ಟಗೆ ಮೇಲೇಳಬೇಕು. ಎಲ್ಲಕ್ಕಿಂತ ದೊಡ್ಡ ದುಃಖ, ಸುತ್ತಲು ಹೋದರೆ ಮೈ ಕೇಳುತ್ತಿರಲಿಲ್ಲ. ಎರಡು ಸುತ್ತಿಗೇ ಗೋಡೆಗೆ ಡಿಕ್ಕಿ ಹೊಡೆದು, ಅಲ್ಲೇ ನಿಂತು ಅತ್ತಳು. ಅವಳ ಅಳು ನೋಡಲಾರದೆ ನಾನು ಇಸ್ತ್ರಿ ಮಾಡಿದ ಶರ್ಟನ್ನೇ ಮತ್ತೆ ಮತ್ತೆ ಇಸ್ತ್ರಿ ಮಾಡಿದೆ.

ಆಮೇಲೆ ಬುಗುರಿ ಒಂದು ಉಪಾಯ ಹುಡುಕಿದಳು. ಒಂದು ದಿನ ಗಿರಾಕಿಯೊಬ್ಬರ ಫ್ರಾಕನ್ನು ಗೊಂಬೆಗೆ ತೊಡಿಸಿದ್ದೆವು. ಮಾರನೆಯ ಬೆಳಿಗ್ಗೆ ಬಂದ ಆ ಹೆಂಗಸು ಗೊಂಬೆ ಎಷ್ಟು ಠೀವಿಯಿಂದ ನಿಂತಿದೆ ನೋಡಿ ಎಂದು ಮೆಚ್ಚಿಕೊಂಡರು, ಆದರೆ ಸೊಂಟ ಬಿಗಿಯಾಗಿ ಗುಂಡಿಗಳು ಕಿತ್ತು ಬರುವ ಹಾಗಿದ್ದವು. ಟೈಲರಮ್ಮ ಅಳತೆ ತಪ್ಪಿದೆನೇ ಎಂದು ಗಾಬರಿಯಾಗಿ ಫ್ರಾಕ್ ಬಿಚ್ಚಿದಳು. ಒಳಗೆ ಬ್ರೇಸ್ ಇತ್ತು. ಪಟ್ಟಿಗಳನ್ನು ಡಾಕ್ಟರು ಹೇಳಿದಷ್ಟೇ ಬಿಗಿಯಾಗಿ, ಚಾಚೂ ತಪ್ಪದೆ ಎಳೆದು ಕಟ್ಟಿತ್ತು. ಬುಗುರಿ ಮಾತ್ರ ಹಗುರವಾಗಿ ಸ್ಕೂಲಿಗೆ ಹೋಗಿದ್ದಳು. ಹೀಗೆ ಎಷ್ಟು ದಿನದಿಂದ ನಡೆದಿತ್ತೋ, ಗೊಂಬೆ ಬಾಯಿ ಬಿಡುವಂತಿರಲಿಲ್ಲ.

ಸಂಜೆ ಮೊಮ್ಮಗಳು ಬಂದಾಗ ಬೈಗುಳದ ಸುರಿಮಳೆಯಾಗುತ್ತದೆ ಎಂದು ನಾನು ಕಾದಿದ್ದೆ. ಟೈಲರಮ್ಮ ಬಾಗಿಲು ಮುಂದೆ ಮಾಡಿ, ಅವಳನ್ನು ಮೇಜಿನ ಮೇಲೆ ತನ್ನ ಎದುರಿಗೆ ಕೂರಿಸಿಕೊಂಡಳು. ಎಲ್ಲರೂ ನನ್ನನ್ನೇ ನೋಡುತ್ತಾರೆ, ನನ್ನೊಬ್ಬಳಿಗೇ ಯಾಕೆ ಈ ಶಿಕ್ಷೆ ಎಂದು ಬುಗುರಿ ಬಿಕ್ಕಿದಳು.

"ಒಬ್ಬಳಿಗೇ ಯಾಕೆ, ನಾನಿಲ್ವಾ? ನೀನು ಬ್ರೇಸ್ ಹಾಕ್ಕೊ. ನಾನು ನಿನ್ನ ಬಟ್ಟೆ ಅಂಚು ಮುಟ್ಟಲ್ಲ. ಎರಡೂ ಕಡೆ ಸಮ ಕತ್ತರಿಸ್ತೀನಿ, ಮೈ ಮೇಲೆ ಹೆಂಗೆ ಬೀಳುತ್ತೋ ಬೀಳಲಿ. ಟೈಲರಮ್ಮನ ಮೊಮ್ಮಗಳೇ ಓರೆ ಸ್ಕರ್ಟ್ ಹಾಕ್ಕೊಂಡು ಓಡಾಡ್ತಾಳೆ ಅಂತ ಎಲ್ಲರೂ ನನ್ನನ್ನೂ ನೋಡಲಿ."

ಬುಗುರಿಯ ಅಳು ನಿಂತುಹೋಯಿತು. ಅಜ್ಜಿಗೆ ಅಂಚು ಎಂದರೆ ಏನು ಎಂಬುದು ಮೇಜಿನ ಕೆಳಗೆ ಬೆಳೆದ ಮಗುವಿಗೆ ಗೊತ್ತಿಲ್ಲವೇ. ಎಲ್ಲಿಯವರೆಗೆ ಎಂದು ಕೇಳಿದಳು. ಡಾಕ್ಟರು ಬ್ರೇಸ್ ಬಿಚ್ಚಿಡು ಎನ್ನುವವರೆಗೆ ಎಂದಳು ಅಜ್ಜಿ. ಇಬ್ಬರೂ ಕೈ ಕುಲುಕಿದರು. ಸಾಕ್ಷಿಗೆ ನಾನು ಮತ್ತು ಗೊಂಬೆ.

ಒಪ್ಪಂದವನ್ನು ಇಬ್ಬರೂ ನಿಯತ್ತಿನಿಂದ ನಡೆಸಿದರು. ಯಾರಿಗೆ ಹೆಚ್ಚು ಕಷ್ಟವಾಯಿತು ಎಂದು ಹೇಳುವುದು ಕಷ್ಟ. ಬುಗುರಿ ಒಂದೆರಡು ತಿಂಗಳಲ್ಲಿ ಕವಚಕ್ಕೆ ಒಗ್ಗಿದಳು. ಸ್ಕೂಲಿನಲ್ಲಿ ಅದರ ಮೇಲೆ ಬಾಗಿಲು ಬಡಿಯುವ ಹಾಗೆ ಟಕಟಕ ಬಡಿದು, ಒಳಗೆ ಯಾರೂ ಇಲ್ಲ ಎಂದು ತಾನೇ ಉತ್ತರ ಕೊಟ್ಟು ಎಲ್ಲರನ್ನೂ ನಗಿಸುತ್ತಿದ್ದಳಂತೆ. ಸುತ್ತುವುದನ್ನೂ ಮತ್ತೆ ಕಲಿತಳು. ಸೊಂಟ ತಿರುಗಿಸದೆ ಪಾದದಿಂದಲೇ ಸುತ್ತುವ ಈ ಹೊಸ ವಿದ್ಯೆಯಲ್ಲಿ ಅವಳು ಅತ್ತಿತ್ತ ಅಲುಗುತ್ತಲೇ ಇರಲಿಲ್ಲ, ಮೊಳೆಯ ಮೇಲೆ ನಿಂತ ನಿಜವಾದ ಬುಗುರಿಯ ಹಾಗೆ ಸುತ್ತುತ್ತಿದ್ದಳು. ಮಲಗುವ ಮುನ್ನ ತಾತ, ಪಟ್ಟಿ ಎಳಿ ಎಂದು ನನ್ನ ಬಳಿ ಬರುವಳು. ಬಸ್ಸಿನ ಹ್ಯಾಂಡ್‌ಬ್ರೇಕ್ ಎಳೆದ ಕೈ ಇದು, ನನ್ನಷ್ಟು ಚೆನ್ನಾಗಿ ಎಳೆಯುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಟೈಲರಮ್ಮನ ಪಾಡು ಬೇರೆ. ಬೆಳಿಗ್ಗೆ ಮೊಮ್ಮಗಳು ಆ ಓರೆ ಅಂಚಿನ ಸ್ಕರ್ಟಿನಲ್ಲಿ ಬೀದಿ ದಾಟುವಾಗ ಇವಳ ಬೆರಳುಗಳು ತಾವಾಗಿಯೇ ಗುಂಡುಸೂಜಿ ಹುಡುಕುತ್ತಿದ್ದವು. ಕಣ್ಣು ಮಂಜಾಯಿತೇ ಎಂದು ಹಳೆಯ ಗಿರಾಕಿಯೊಬ್ಬರು ಕೇಳಿದರು. ಎದುರು ಸಾಲಿನ ಟೈಲರು ಈ ಸುದ್ದಿಯನ್ನು ಉಪ್ಪುಖಾರ ಹಚ್ಚಿ ಹಂಚಿದ. ನಾನು ಹೋಗಿ ಅವನಿಗೆ ನಾಲ್ಕು ಮಾತು ಹೇಳಿ ಬರುತ್ತೇನೆ ಎಂದು ಎದ್ದರೆ ಇವಳು ಬಿಡಲಿಲ್ಲ. ಮಗು ಮುಳ್ಳಿನಂಥ ಮಾತುಗಳನ್ನೆಲ್ಲ ನುಂಗಿಕೊಂಡು ಸ್ಕೂಲಿಗೆ ಹೋಗುತ್ತಿಲ್ಲವೇ, ನನಗೇನು ಧಾಡಿ ಎಂದಳು. ನನ್ನ ಹೆಂಡತಿಯನ್ನು ನಾನು ಬಹಳ ಸಲ ಮೆಚ್ಚಿದ್ದೇನೆ, ಬಾಯಿ ಬಿಟ್ಟು ಹೇಳಿದ್ದು ಕಡಿಮೆ. ಆ ದಿನ ಹೇಳಿದೆ. ಇಸ್ತ್ರಿ ಸುಡುತ್ತಿದೆ, ಅತ್ತ ನೋಡಿ ಎಂಬುದು ಅವಳ ಉತ್ತರ.

ತಿಂಗಳಿಗೊಮ್ಮೆ, ಬುಗುರಿ ಸ್ನಾನಕ್ಕೆಂದು ಬ್ರೇಸ್ ಬಿಚ್ಚಿದಾಗ, ಅವಳನ್ನು ಮೇಜಿನ ಮೇಲೆ ನಿಲ್ಲಿಸಿ ಅಂಚು ನೋಡುವುದು ನಮ್ಮ ಮನೆಯ ಕಟ್ಟಳೆಯಾಯಿತು. ಎರಡು ಪಕ್ಕಗಳ ನಡುವೆ ಒಂದು ಬೆರಳಗಲದ ವ್ಯತ್ಯಾಸ. ಅಜ್ಜಿ ತನ್ನ ತೋರುಬೆರಳನ್ನು ಸ್ಕೇಲಿಗೆ ಅಡ್ಡ ಹಿಡಿದು ನೋಡಿ, ಅಷ್ಟೇ ಇದೆ ಎನ್ನುವಳು. ಆ ಎರಡು ಮಾತಿಗೆ ನಾವೆಲ್ಲ ಉಸಿರು ಹಿಡಿದು ಕಾಯುತ್ತಿದ್ದೆವು.

ಹದಿಮೂರರಲ್ಲಿ ಬುಗುರಿ ಒಮ್ಮೆಲೇ ಉದ್ದವಾದಳು. ಹಳೆಯ ಬ್ರೇಸ್ ಚಿಕ್ಕದಾಗಿ ಹೊಸದು ಮಾಡಿಸಬೇಕಾಯಿತು. ಈ ಜೋರಾಗಿ ಬೆಳೆಯುವ ಕಾಲವೇ ಹೆದರಿಕೆಯ ಕಾಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದೇ ಸಮಯದಲ್ಲಿ ಒಂದು ಬೆಳಿಗ್ಗೆ ಟೈಲರಮ್ಮ ಮೇಜಿನ ಪಕ್ಕ ಕೂತು ಬೆರಳಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಎರಡು ಬೆರಳಿನಷ್ಟು ವ್ಯತ್ಯಾಸ. ಬುಗುರಿ ಮೇಜಿನ ಮೇಲಿಂದಲೇ ಆಪರೇಷನ್ ಮಾಡುತ್ತಾರಾ ಎಂದು ಕೇಳಿದಳು. ತಿಂಡಿಯನ್ನೂ ತಿನ್ನದೆ ಎಲ್ಲರೂ ಆಸ್ಪತ್ರೆಗೆ ಓಡಿದೆವು.

ಡಾಕ್ಟರು ಎಕ್ಸ್-ರೇ ತೆಗೆಸಿ ಹಳೆಯದರ ಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಬಳುಕು ಇದ್ದಷ್ಟೇ ಇತ್ತು. ಬುಗುರಿಯನ್ನು ಹತ್ತಿರ ಕರೆದು ಸ್ಕರ್ಟಿನ ಸೊಂಟವನ್ನು ಎಳೆದು ನೋಡಿದರು. ಒಂದು ಪಕ್ಕದ ಎಲಾಸ್ಟಿಕ್ ಸಡಿಲವಾಗಿ ಜೋತುಬಿದ್ದಿತ್ತು.

"ಎಕ್ಸ್-ರೇಗೆ ಎಲಾಸ್ಟಿಕ್ ಇರಲ್ಲ ಅಜ್ಜಿ" ಎಂದರು ಡಾಕ್ಟರು.

ನಾವು ನಕ್ಕ ನಗುವಿಗೆ ಹೊರಗೆ ಕಾಯುತ್ತಿದ್ದವರೆಲ್ಲ ಬಾಗಿಲಲ್ಲಿ ಇಣುಕಿದರು. ಟೈಲರಮ್ಮ ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವತ್ತಿನಿಂದ ಅಂಚು ನೋಡುವುದು ನಮ್ಮ ಸಮಾಧಾನಕ್ಕೆ, ಎಕ್ಸ್-ರೇ ನೋಡುವುದು ನಿಜಕ್ಕೆ ಎಂದು ಅವಳೇ ತೀರ್ಪು ಕೊಟ್ಟಳು.

ಆದರೂ ಹತ್ತರಿಂದ ಹದಿನೈದರ ನಡುವಿನ ಯಾವ ಮಗು ಅಂಗಡಿಗೆ ಬಂದರೂ ಅವಳ ಕಣ್ಣು ಮೊದಲು ಅಂಚಿಗೆ ಹೋಗುತ್ತಿತ್ತು. ಓರೆ ಕಂಡರೆ ಸರಿ ಮಾಡುತ್ತಿರಲಿಲ್ಲ, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದು ತಾಯಿಗೆ ಹೇಳುತ್ತಿದ್ದಳು. ಹಾಗೆ ಕಳಿಸಿದ ಮೊದಲ ಹುಡುಗಿಯ ಬೆನ್ನು ಬಾಣದ ಹಾಗೆ ನೆಟ್ಟಗಿತ್ತು, ಒಂದೇ ಕಡೆಯ ಜೇಬಿನ ತುಂಬ ಬಣ್ಣದ ಕಲ್ಲುಗಳಿದ್ದವು. ಮೊದಲು ಜೇಬು ನೋಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಆಮೇಲೆ ಕಳಿಸಿದವರಲ್ಲಿ ಒಬ್ಬಳಿಗೆ ನಿಜವಾಗಿಯೂ ಸಣ್ಣ ಬಳುಕು ಸಿಕ್ಕಿತು, ಬ್ರೇಸ್ ಬೇಕಿಲ್ಲ, ಆಗಾಗ ಬಂದು ತೋರಿಸಿದರೆ ಸಾಕು ಎಂದರಂತೆ. ಆ ತಾಯಿ ಅಂಗಡಿಗೆ ಬಂದು ನನ್ನವಳ ಕೈ ಹಿಡಿದು ಕೂತಿದ್ದರು, ಏನನ್ನೂ ಹೊಲಿಸಲಿಲ್ಲ.

ಬುಗುರಿಗೆ ಹದಿನೈದು ಕಳೆದ ಮೇಲೆ ಡಾಕ್ಟರು ಬೆಳವಣಿಗೆ ಮುಗಿಯುತ್ತ ಬಂದಿದೆ ಎಂದು ಬ್ರೇಸಿನ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿಸಿದರು. ಮೊದಲು ಸ್ಕೂಲಿಗೆ ಬೇಡ ಎಂದರು, ಆಮೇಲೆ ಮಲಗುವಾಗ ಮಾತ್ರ ಸಾಕು ಎಂದರು. ಕೊನೆಗೆ ಒಂದು ದಿನ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, ಮೊದಲಿದ್ದಷ್ಟೇ ಇದೆ, ಆಪರೇಷನ್ ಬೇಕಿಲ್ಲ, ಬಿಚ್ಚಿಡು ಎಂದರು. ಮನೆಗೆ ಬಂದವಳೇ ಬುಗುರಿ ಬ್ರೇಸನ್ನು ಗೊಂಬೆಗೆ ತೊಡಿಸಿ, ಪಟ್ಟಿ ಎಳೆದು, ಇನ್ನು ನಿನ್ನ ಸರದಿ ಎಂದು ಅದರ ಬೆನ್ನು ತಟ್ಟಿದಳು. ಅವಳ ಅಪ್ಪ ಅಮ್ಮ ಆ ದಿನ ಕೆಲಸಕ್ಕೆ ರಜೆ ಹಾಕಿದ್ದರು. ಎಲ್ಲರೂ ಮಾತಾಡುವವರೇ, ಕೇಳುವವರು ಯಾರೂ ಇರಲಿಲ್ಲ.

ಆ ವಾರ ಸ್ಕೂಲಿನಲ್ಲಿ ಕೊನೆಯ ವರ್ಷದವರನ್ನು ಬೀಳ್ಕೊಡುವ ಸಮಾರಂಭವಿತ್ತು. ಬುಗುರಿ ತಾನೇ ಹೋಗಿ ಬಟ್ಟೆ ಆರಿಸಿ ತಂದಳು. ಹಸಿರು ಬಟ್ಟೆ, ಸುತ್ತಿದರೆ ಅರಳುವ ಅಗಲ ಘೇರಿನ ಫ್ರಾಕು. ಕಚ್ಚಾ ಹೊಲಿಗೆ ಹಾಕಿದ ಮೇಲೆ ಅಜ್ಜಿ ಅವಳನ್ನು ಮೇಜಿನ ಮೇಲೆ ನಿಲ್ಲಿಸಿದಳು. ಸ್ಕೇಲು ಹಿಡಿದು ಸುತ್ತ ಬಂದಳು, ಬೆರಳಿಟ್ಟು ನೋಡಿದಳು, ಅಷ್ಟೇ ಇದೆ ಎಂದಳು. ಆಮೇಲೆ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಡಬ್ಬಿಗೆ ಹಾಕಿ, ಮುಗಿಯಿತು ಇಳಿ ಎಂದಳು.

ಬುಗುರಿ ಇಳಿಯಲಿಲ್ಲ. ಅಂಚು ಓರೆ ಇದೆ ಎಂದಳು. ಗೊತ್ತು, ಈ ಅಂಚನ್ನು ಮುಟ್ಟಲು ನನಗೆ ಇನ್ನು ಧೈರ್ಯವಿಲ್ಲ ಎಂದಳು ನನ್ನವಳು, ಅವಳ ಮುಖ ನೋಡದೆ. ಒಪ್ಪಂದ ಮುಗಿದು ನಾಲ್ಕು ದಿನವಾಗಿತ್ತು, ಅದು ನಮಗೆಲ್ಲ ಗೊತ್ತಿತ್ತು. ಇಷ್ಟು ವರ್ಷವೂ ಈ ಹೆಂಗಸು ಒಪ್ಪಂದಕ್ಕಾಗಿ ಮಾತ್ರ ಕೈ ಕಟ್ಟಿಕೊಂಡಿದ್ದಳು ಎಂದು ನಾನು ತಿಳಿದಿದ್ದೆ. ಹಾಗಿರಲಿಲ್ಲ.

ಬುಗುರಿ ಮೇಜಿನ ಮೇಲೆಯೇ ಲಿಫ್ಟಿನ ಹಾಗೆ ನೆಟ್ಟಗೆ ಕುಕ್ಕರಗಾಲಿನಲ್ಲಿ ಇಳಿದು ಅಜ್ಜಿಯ ಮುಖದ ಸಮಕ್ಕೆ ಬಂದಳು. ಆ ಅಭ್ಯಾಸ ಅವಳಿಗೆ ಇನ್ನೂ ಹೋಗಿರಲಿಲ್ಲ.

"ಆವಾಗ ನಂಗೂ ಗೊತ್ತಿರಲಿಲ್ಲ, ನಿಂಗೂ ಗೊತ್ತಿರಲಿಲ್ಲ. ಈಗ ಡಾಕ್ಟರಿಗೆ ಗೊತ್ತು, ಸ್ಕೂಲಿಗೆ ಗೊತ್ತು, ಎದುರು ಅಂಗಡಿಯವರಿಗೂ ಗೊತ್ತು. ಇನ್ನು ಮುಚ್ಚಿಡೋಕೆ ಏನೂ ಇಲ್ಲ ಅಜ್ಜಿ. ಈಗ ಸುಮ್ನೆ ಚೆಂದ ಮಾಡು."

ಟೈಲರಮ್ಮ ಕತ್ತರಿ ಎಲ್ಲಿ ಎಂದು ಕೇಳಿದಳು. ಅದು ಅವಳ ಕೊರಳಲ್ಲೇ ನೇತಾಡುತ್ತಿತ್ತು. ನಾನು ಅದನ್ನು ತೆಗೆದು ಅವಳ ಕೈಗೆ ಕೊಟ್ಟೆ. ಒಂದು ಪಕ್ಕದ ಹೊಲಿಗೆ ಬಿಚ್ಚಿ, ಒಂದು ಬೆರಳಗಲ ಬಟ್ಟೆ ಬಿಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಯಂತ್ರಕ್ಕೆ ಕೊಡಲಿಲ್ಲ, ಇಡೀ ಅಂಚನ್ನು ಕೈಯಲ್ಲೇ ಹೊಲಿದಳು. ಹೊಲಿಯುವಾಗ ಅಳುತ್ತಿದ್ದಳು, ಜೊತೆಗೆ ಗುನುಗುತ್ತಲೂ ಇದ್ದಳು. ಅವಳು ಗುನುಗಿದ್ದನ್ನು ನಾನು ಕೇಳಿ ಎಷ್ಟೋ ವರ್ಷಗಳಾಗಿದ್ದವು.

ಫ್ರಾಕು ತೊಟ್ಟ ಬುಗುರಿ ನಡುಮನೆಯಲ್ಲಿ ನಿಂತು, ತೋಳು ಚಾಚಿ ಸುತ್ತಿದಳು. ಹಸಿರು ಬಟ್ಟೆ ಅರಳಿ ಮೇಲೆದ್ದಿತು. ಸುತ್ತು ನಿಂತು ಬಟ್ಟೆ ಇಳಿದಾಗ ಅಂಚು ಸುತ್ತಲೂ ಗೆರೆ ಎಳೆದ ಹಾಗೆ ಸಮವಾಗಿ ಬಂದು ನಿಂತಿತು. ಪಾಸ್ ಎಂದಳು ಬುಗುರಿ. ನನ್ನವಳು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮೊಮ್ಮಗಳನ್ನು ಮೇಲಿಂದ ಕೆಳಗೆ ನೋಡಿದಳು. ಏನಾದರೂ ಹೇಳುತ್ತಾಳೆ ಎಂದು ನಾವಿಬ್ಬರೂ ಕಾದೆವು.

"ಬೆನ್ನ ಮೇಲೆ ಒಂದು ಸುಕ್ಕು ಹಾಗೇ ಉಳಿದಿದೆ ನೋಡ್ರೀ" ಎಂದಳು ನನಗೆ. ನಾನು ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಲು ಎದ್ದೆ.